ಗಡ್ಡಿಯವರ ಆಟ, ದಾರಿಯ ಖರ್ಚು

ಶರಣರ ನಡೆನುಡಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಆಟದ ಮಾತನ್ನು ಎತ್ತಿಕೊಂಡುದಕ್ಕೆ ಹಿರಿಯರು ಕೆಲವರು ಹುಬ್ಬೇರಿಸಬಹುದು. ಆದರೆ ಜಾತ್ರೆಯೆಂದರೆ ತೇರು, ಪುರಾಣ, ಪ್ರಸಾದಗಳ ಜೊತೆಗೆ ಕುಸ್ತಿಯೂ ಹುತುತುವೂ ಕೂಡಿಯೇ ಬರುವ ನಾಡು ನಮ್ಮದು. ಗುಂಡು ಎತ್ತಿದ ತರುಣನಿಗೂ ಪೂಜ್ಯರ ಹಸ್ತದಿಂದಲೇ ಫಲತಾಂಬೂಲ ಸಲ್ಲುತ್ತದೆ. ಈಗ ನಾವು ಹೇಳಹೊರಟಿರುವುದು ಆಟದ ಕಣಕ್ಕೆ ಬಂದು ಮುಟ್ಟುವ ದಾರಿಯ ಸಂಗತಿ, ಆ ದಾರಿಯ ಖರ್ಚಿನ ಸಂಗತಿ.

ನಮ್ಮದು ಬಳಗಾನೂರು. ಹಿಂದೆ ಸಿಂಧನೂರು ತಾಲೂಕಿಗೆ ಸೇರಿದ್ದ ಊರು, ಈಗ ಮಸ್ಕಿ ತಾಲೂಕಿನದಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬೆಳೆಯುವ ಸೀಮೆ. ಕಾಲುವೆಯ ನೀರಿಗಾಗಿ ನಾವು ಎಷ್ಟು ಹಂಬಲಿಸುತ್ತೇವೆಯೋ, ನಮ್ಮ ಜಿಲ್ಲೆಯ ಇನ್ನೊಂದು ಅಂಚಿನಲ್ಲಿರುವವರು ನೀರಿಗೆ ಅಷ್ಟೇ ಅಂಜುತ್ತಾರೆಂಬುದನ್ನು ನಾವು ಮರೆಯುತ್ತೇವೆ. ಉತ್ತರದಲ್ಲಿ ಕೃಷ್ಣೆಯು ಸೀಳಿಕೊಂಡು ಹರಿಯುವೆಡೆಯಲ್ಲಿ ಹಲವು ಗಡ್ಡಿಗಳಿವೆ. ಪುಸ್ತಕದ ಭಾಷೆಯಲ್ಲಿ ನಡುಗಡ್ಡೆ ಎನ್ನುವುದನ್ನು ನಮ್ಮವರು ಗಡ್ಡಿ ಎಂದೇ ಕರೆಯುತ್ತಾರೆ. ಲಿಂಗಸುಗೂರು ತಾಲೂಕಿನ ಜಲದುರ್ಗದ ಕೋಟೆಯನ್ನು ನೋಡಿದವರಿಗೆ ಆ ನೆಲದ ಸ್ವರೂಪ ತಿಳಿದಿದೆ. ರಾಯಚೂರಿನ ಕಡೆ ನಾರದಗಡ್ಡೆಯ ಶ್ರೀ ಚನ್ನಬಸವೇಶ್ವರನ ದರ್ಶನಕ್ಕೆ ಹೋದ ಭಕ್ತರಿಗೂ ಹೊಳೆ ದಾಟುವುದೆಂದರೆ ಏನೆಂಬುದು ಗೊತ್ತು. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಹಂಚಿನಾಳ, ಯರಗೋಡಿ ಮೊದಲಾದ ಊರವರು ಆಗ ಸುತ್ತುದಾರಿ ಹಿಡಿಯಬೇಕು. ಶಾಲೆಗೆ ಹೋಗುವ ಮಗುವಿಗೂ, ಹೆರಿಗೆಯ ನೋವು ಕಾಣಿಸಿಕೊಂಡ ತಾಯಿಗೂ ಅದೇ ಗತಿ. ಅಂಥಲ್ಲಿ ಆಟದ ಮಾತು ಎಷ್ಟರದು ಎನ್ನಬಹುದು.

ಎಷ್ಟರದು ಎಂಬುದನ್ನು ನಾವು ಒಂದು ಶ್ರಾವಣದಲ್ಲಿ ಕಣ್ಣಾರೆ ಕಂಡೆವು. ಹೊಳೆಯಂಚಿನ ಹುಡುಗರ ತಂಡವೊಂದು ನಮ್ಮ ಭಾಗದ ಕಬಡ್ಡಿ ಪಂದ್ಯಾವಳಿಗೆ ಹೆಸರು ಬರೆಯಿಸಿ ಪ್ರವೇಶ ಶುಲ್ಕವನ್ನೂ ಕಟ್ಟಿತ್ತು. ಪಂದ್ಯದ ಹಿಂದಿನ ರಾತ್ರಿ ಸೇತುವೆಯ ಮೇಲೆ ನೀರು ಬಂತು. ಹುಡುಗರು ಬಾಡಿಗೆಯ ಟಂಟಂ ಹಿಡಿದು ಸುತ್ತುದಾರಿಯಲ್ಲಿ ಬಂದು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಿಯಮದಂತೆ ಎದುರಾಳಿಗೆ ಜಯವನ್ನು ಬರೆದುಕೊಂಡಾಗಿತ್ತು. ಯಾರೂ ಅವರನ್ನು ಜರೆಯಲಿಲ್ಲ. ಊಟಕ್ಕೆ ಕೂಡಿಸಿದರು, ಹೋಳಿಗೆ ಬಡಿಸಿದರು. ಉಂಡೆದ್ದು ಅವರು ಬಂದ ದಾರಿಯಲ್ಲಿಯೇ ಹೊರಟರು. ಬಾಡಿಗೆಗಾಗಿ ಪ್ರತಿಯೊಬ್ಬನೂ ಎರಡು ದಿನದ ಕೂಲಿಯನ್ನು ಕೂಡಿಸಿದ್ದನೆಂದು ಆಮೇಲೆ ತಿಳಿಯಿತು.

ಈ ಪ್ರಸಂಗವನ್ನು ನಮ್ಮ ತಂಗಿಯ ಮಗನಿಗೆ ದೂರವಾಣಿಯಲ್ಲಿ ಹೇಳಿದಾಗ ಆತ ನಕ್ಕು, “ಮಾವಾ, ಇಲ್ಲಿಯೂ ಇಂಥದೇ ಒಂದು ಕಥೆಯಿದೆ” ಎಂದ. ಆತ ಉದ್ಯೋಗನಿಮಿತ್ತ ಇಂಗ್ಲೆಂಡಿನಲ್ಲಿದ್ದಾನೆ. ಆತ ತೆರೆದಿಟ್ಟ ಸಂಗತಿಯನ್ನು ಬೆನ್ನುಹತ್ತಿ ಓದಿದಷ್ಟೂ ನಮಗೆ ಕುತೂಹಲವೇ ಹೆಚ್ಚಿತು.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಗರ್ನ್ಸಿ ಎಂಬ ದ್ವೀಪವಿದೆ. ಅದು ಫ್ರಾನ್ಸಿನ ದಡಕ್ಕೇ ಹತ್ತಿರ. ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ನೂರು ಕಿ.ಮೀ.ಗೂ ಮಿಕ್ಕ ಸಮುದ್ರ. ಜನಸಂಖ್ಯೆ ಅರವತ್ತು ಸಾವಿರಕ್ಕೆ ತುಸು ಹೆಚ್ಚು. ಅಲ್ಲಿಯವರು 1928ರಲ್ಲಿ ರಗ್ಬಿ ಸಂಘವೊಂದನ್ನು ಕಟ್ಟಿದರು. ರಗ್ಬಿಯನ್ನು ನಮ್ಮ ಓದುಗರು ಹೆಚ್ಚಾಗಿ ಕಂಡಿರಲಾರರು. ರಗ್ಬಿ ಯೂನಿಯನ್ ಎಂಬ ಬಗೆಯಲ್ಲಿ ತಂಡಕ್ಕೆ 15 ಮಂದಿ, 80 ನಿಮಿಷದ ಆಟ, ತತ್ತಿಯ ಆಕಾರದ ಚೆಂಡು. ಚೆಂಡನ್ನು ಅವಚಿಕೊಂಡು ಮುಂದಕ್ಕೆ ಓಡಬಹುದು. ಕೈಯಿಂದ ಕೊಡುವುದಾದರೆ ಮಾತ್ರ ಮುಂದಿನವನಿಗೆ ಕೊಡುವಂತಿಲ್ಲ, ಪಕ್ಕದಲ್ಲಿಯೋ ಹಿಂದೆಯೋ ಬರುತ್ತಿರುವವನಿಗೇ ಕೊಡಬೇಕು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ 5 ಅಂಕ. ಕಾಲು ಹಿಡಿದು ಕೆಡವುವುದು, ಮೈಮೇಲೆ ಬೀಳುವುದು, ಗೆರೆ ಮುಟ್ಟಲು ಚಾಚುವುದು ಇವೆಲ್ಲ ಹುತುತು ಆಡಿದವರಿಗೆ ಹೊಸದೆನಿಸದು. ಹಿಂದುಸ್ಥಾನಕ್ಕೂ ಆ ಆಟಕ್ಕೂ ಹಳೆಯ ನಂಟುಂಟು. ಕಲ್ಕತ್ತೆಯಲ್ಲಿದ್ದ ಆಂಗ್ಲರ ಸಂಘವು ಮುಚ್ಚಿಹೋದಾಗ ಅದರ ಖಾತೆಯಲ್ಲಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಮಾಡಿಸಿದ ಬಟ್ಟಲಿಗೇ ಇಂಗ್ಲೆಂಡ್ ಹಾಗೂ ಸ್ಕಾಟ್ಲೆಂಡ್ ತಂಡಗಳು ಇಂದಿಗೂ ಸೆಣಸುತ್ತವೆ. ಅದರ ಹಿಡಿಕೆಗಳು ನಾಗರಹಾವಿನವು, ಮುಚ್ಚಳದ ಮೇಲೆ ಆನೆ. ಗರ್ನ್ಸಿಯವರು ನೆರೆಯ ಜರ್ಸಿ ದ್ವೀಪದವರೊಂದಿಗೆ 1920ರಿಂದ ಆಡುತ್ತ ಬಂದ ಬಟ್ಟಲೂ ಹೀಗೆಯೇ ಸಯಾಮ್ ದೇಶದ ಬೆಳ್ಳಿ ನಾಣ್ಯಗಳಿಂದ ಆದುದು.

ನೆರೆಯವರೊಂದಿಗೆ ವರ್ಷಕ್ಕೊಮ್ಮೆ ಆಡಿಕೊಂಡು ತೃಪ್ತರಾಗಿದ್ದರೆ ತೊಡಕೇ ಇರಲಿಲ್ಲ. ಆದರೆ ಬಲ್ಲಿದರೊಡನೆ ಸೆಣಸದೆ ಆಟ ಬೆಳೆಯದು. ಆದುದರಿಂದ ಗರ್ನ್ಸಿಯವರು ಇಂಗ್ಲೆಂಡಿನ ಲೀಗ್‌ಗೆ ಸೇರಿದರು. 2022ರಲ್ಲಿ ಅವರಿದ್ದದ್ದು ಹದಿನಾಲ್ಕು ತಂಡಗಳ ಲೀಗ್‌ನಲ್ಲಿ. ಅಂದರೆ ಒಂದು ಋತುವಿನಲ್ಲಿ ಹದಿಮೂರು ಸಲ ಕಡಲು ದಾಟಿ ಹೋಗಬೇಕು, ಹದಿಮೂರು ಸಲ ಕಡಲು ದಾಟಿ ಬಂದವರನ್ನು ಎದುರುಗೊಳ್ಳಬೇಕು. ಆಡುವವರಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಕೆಲಸದಲ್ಲಿ ದುಡಿಯುವ ಹವ್ಯಾಸಿಗಳು. ಶನಿವಾರ ವಿಮಾನವೇರಿ ಹೋಗಿ, ಆಡಿ, ಮೈಕೈ ನೋವಿನೊಂದಿಗೆ ಮರಳುವವರು. ಮಂಜು ಕವಿದರೆ ಅಲ್ಲಿಯ ವಿಮಾನಗಳು ನಿಲ್ಲುತ್ತವೆ, ನಮ್ಮ ಶೀಲಹಳ್ಳಿಯ ಸೇತುವೆ ನಿಂತಂತೆಯೇ. ದಾರಿ ಖರ್ಚಿನ ದೊಡ್ಡ ಪಾಲು ದ್ವೀಪದ ಸಂಘದ ಹೆಗಲಿಗೇ ಬೀಳುತ್ತದೆ. ಅದೇ ದ್ವೀಪದ ಫುಟ್‌ಬಾಲ್ ಸಂಘವು 2011ರಲ್ಲಿ ಇಂಗ್ಲೆಂಡಿನ ಲೀಗ್‌ಗೆ ಸೇರಿದಾಗಲಂತೂ ತಮ್ಮಲ್ಲಿಗೆ ಬರುವ ತಂಡಗಳ ಪ್ರಯಾಣವೆಚ್ಚವನ್ನೂ ತಾವೇ ಭರಿಸುವ ಹೊಣೆಯನ್ನು ಹೊತ್ತಿತು. ಇದನ್ನು ಓದಿದಾಗ ನಾವು ಪುಸ್ತಕವನ್ನು ಮಡಿಚಿಟ್ಟು ಬಹಳ ಹೊತ್ತು ಯೋಚಿಸಿದೆವು. ಹೊಳೆಯ ನಡುವೆ ಹುಟ್ಟಿದ್ದು ಅವರ ತಪ್ಪಲ್ಲ. ಆದರೂ ದಾಟುವ ಸುಂಕವೆಲ್ಲ ಅವರದೇ.

ಹಣದ ಪ್ರಶ್ನೆ ಈ ಆಟದಲ್ಲಿ ಹಳೆಯದು. 1895ರಲ್ಲಿ ಉತ್ತರ ಇಂಗ್ಲೆಂಡಿನ ಸಂಘಗಳು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿ ಮೂಲ ಸಂಸ್ಥೆಯಿಂದ ಬೇರೆಯಾದುವು. ಗಣಿ, ಗಿರಣಿಗಳ ಕೆಲಸ ಬಿಟ್ಟು ಆಡಲು ಬರುವವನಿಗೆ ಕಳೆದುಕೊಂಡ ಕೂಲಿಯನ್ನಾದರೂ ಕೊಡಿರೆಂಬುದು ಅವರ ಬೇಡಿಕೆಯಾಗಿತ್ತು. ದಕ್ಷಿಣದ ಸಿರಿವಂತರು ಆಟವು ಹಣದಿಂದ ಮೈಲಿಗೆಯಾಗುವುದೆಂದರು. ಹೊಟ್ಟೆ ತುಂಬಿದವನಿಗೆ ನಿಷ್ಕಾಮ ಆಟದ ಉಪದೇಶ ಬಲು ಸುಲಭವೆಂದು ನಮಗೆ ತೋರುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯ ಕೂಲಿ ಬಿಟ್ಟು ಕಬಡ್ಡಿಗೆ ಬರುವ ನಮ್ಮ ಹುಡುಗನಿಗೆ ಆ ಗಣಿಗಾರನ ಮಾತೇ ಅರ್ಥವಾಗುತ್ತದೆ. ರಗ್ಬಿ ಯೂನಿಯನ್ ಸಂಬಳದ ಆಟಕ್ಕೆ ಬಾಗಿಲು ತೆರೆದದ್ದು ನೂರು ವರ್ಷಗಳ ಬಳಿಕ, 1995ರಲ್ಲಿ.

ಬಾಗಿಲು ತೆರೆದ ಮೇಲೆ ಏನಾಯಿತೆಂಬುದನ್ನು ಜರ್ಸಿಯ ಕಥೆ ಹೇಳುತ್ತದೆ. 1879ರಲ್ಲಿ ಹುಟ್ಟಿದ ಆ ಸಂಘವು ಲೀಗ್‌ಗಳ ಮೆಟ್ಟಿಲನ್ನು ಒಂದೊಂದಾಗಿ ಏರಿತು. ಸಂಬಳದ ಆಟಗಾರರನ್ನು ಕೂಡಿಸಿತು. 2012ರಲ್ಲಿ ಇಂಗ್ಲೆಂಡಿನ ಎರಡನೆಯ ಹಂತವನ್ನು ಮುಟ್ಟಿತು. 2023ರಲ್ಲಿ ಆ ಹಂತದ ಚಾಂಪಿಯನ್ ಆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಆ ಹಂತದ ಲೀಗ್‌ನ ಭವಿಷ್ಯವೇ ಅನಿಶ್ಚಿತವಾದಾಗ ಹಣ ಹೂಡುವವರು ಹಿಂದೆಗೆದರು. ಗೆದ್ದ ಬಟ್ಟಲಿನ ಹೊಳಪು ಮಾಸುವ ಮೊದಲೇ ಆಟಗಾರರು ಕೆಲಸ ಕಳೆದುಕೊಂಡರು. ಆಮೇಲೆ ಆಟವನ್ನು ಮುಂದುವರಿಸಿದವರು ಸಂಬಳವಿಲ್ಲದ ಊರ ಹುಡುಗರು, ಬಹಳ ಕೆಳಗಿನ ಲೀಗ್‌ನಲ್ಲಿ.

ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರನ್ನು ಇಲ್ಲಿ ನೆನೆಯದೆ ಇರಲಾಗದು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದ ಪತಿಯನ್ನು ಲಕ್ಕಮ್ಮನವರು ತಡೆದು, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದರು. ಆ ತಾಯಿ ಕೂಲಿಯನ್ನು ಬೇಡವೆನ್ನಲಿಲ್ಲ. ಇಂದಿನ ಅಕ್ಕಿ ಇಂದಿಗೆ ಸಾಕು, ದಾಸೋಹಕ್ಕೂ ಅದರಲ್ಲಿಯೇ ಪಾಲುಂಟು ಎಂದರು, ಅಷ್ಟೆ. ಗಣಿಗಾರನ ಕೂಲಿಯೂ ಸಲ್ಲಬೇಕು, ಜರ್ಸಿಯ ಅತಿಯಾಸೆಯೂ ತಗ್ಗಬೇಕು. ಈ ಎರಡೂ ಲಕ್ಕಮ್ಮನವರ ಒಂದೇ ಮೊರದಲ್ಲಿ ಹಿಡಿಸುತ್ತವೆಂದು ನಮ್ಮ ಭಾವನೆ. 2014ರಿಂದ ಕಬಡ್ಡಿಗೂ ಹರಾಜಿನ ಲೀಗ್ ಬಂದಿದೆ. ನಮ್ಮ ಹುಡುಗರಲ್ಲಿ ಒಬ್ಬಿಬ್ಬರು ಅಲ್ಲಿಗೆ ಮುಟ್ಟಿದರೆ ಸಂತೋಷವೇ. ಉಳಿದವರು ಆಡುವುದು ಮಾತ್ರ ನಮ್ಮ ಶ್ರಾವಣದ ಅಂಗಳದಲ್ಲಿಯೇ.

ಆದುದರಿಂದ ಈ ಸಲದ ಪಂದ್ಯಾವಳಿಯ ಸಭೆಯಲ್ಲಿ ನಾವು ಎರಡು ಸಲಹೆಗಳನ್ನು ಮುಂದಿಟ್ಟೆವು. ಮೊದಲ ಬಹುಮಾನದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ ಹೊಳೆಯಾಚೆಯ ತಂಡಗಳ ಗಾಡಿ ಬಾಡಿಗೆಗೆ ಕೊಡುವುದು. ನದಿಗೆ ನೀರು ಬಿಟ್ಟ ಸುದ್ದಿ ಬಂದರೆ ಅವರ ಪಂದ್ಯವನ್ನು ಮರುದಿನಕ್ಕೆ ಹಾಕುವುದು. ಎರಡನೆಯದಕ್ಕೆ ಎಲ್ಲರೂ ಒಪ್ಪಿದರು. ಮೊದಲನೆಯದಕ್ಕೆ ತರುಣರಿಂದಲೇ ಆಕ್ಷೇಪ ಬಂತು. ಬಹುಮಾನ ಕಡಿಮೆಯಾದರೆ ವಿಜಯಪುರ, ಬಾಗಲಕೋಟೆಗಳ ಕಡೆಯ ದೊಡ್ಡ ತಂಡಗಳು ಬಾರವು, ನೋಡುವ ಜನವೂ ಕೂಡದು ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗಡ್ಡಿಯ ಹುಡುಗರು ಈ ವರ್ಷವೂ ಹೆಸರು ಬರೆಯಿಸಿದ್ದಾರೆ, ಶುಲ್ಕವನ್ನೂ ಕಳುಹಿಸಿದ್ದಾರೆ. ಅವರ ಶುಲ್ಕದ ಚೀಟಿ ನಮ್ಮ ಲೆಕ್ಕದ ಪುಸ್ತಕದಲ್ಲಿದೆ. ಬರುವ ಅಮಾವಾಸ್ಯೆಯ ಮಾರನೆಯ ದಿನ ಸಭೆ ಮತ್ತೆ ಸೇರುವುದು.