ಸೈಲೆನ್ಸರ್ ತೂತಾದಾಗ

ದಾವಣಗೆರೆಯ ಒಣಹವೆಯಲ್ಲಿ ಹನ್ನೊಂದು ವರ್ಷ ಓಡಿದ ನಮ್ಮ ಕಾರಿಗೆ ಬೀಜಾಡಿಯ ಕಡಲಗಾಳಿ ಮೂರೇ ವರ್ಷಗಳಲ್ಲಿ ಮುಪ್ಪು ತಂದಿತು. ಮಗನ ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ನಮಗೆ ಕಿಟಕಿಯ ಸರಳು, ಬಾಗಿಲ ಚಿಲಕ, ಹೊಲಿಗೆ ಯಂತ್ರದ ಸೂಜಿ ಕೂಡ ತುಕ್ಕು ಹಿಡಿಯುವುದು ಕಾಣುತ್ತಲೇ ಇತ್ತು. ಕಾರಿನ ಅಡಿಭಾಗವನ್ನು ಮಾತ್ರ ಯಾರೂ ಬಗ್ಗಿ ನೋಡಿರಲಿಲ್ಲ.

ಕಳೆದ ಮಳೆಗಾಲದ ಆರಂಭದಲ್ಲಿ ಸೈಲೆನ್ಸರ್ ಗುಡುಗತೊಡಗಿತು. "ರೀ, ಇದನ್ನೊಮ್ಮೆ ತೋರಿಸಿಕೊಂಡು ಬನ್ನಿ" ಎಂದು ನನ್ನ ಮನೆಯವರು ಎರಡು ಬಾರಿ ಹೇಳಿದರು. ನಾನು ಡಬ್ಬಿಯ ತೂತಿಗೆ ಅಂಟಿನ ಮುದ್ದೆ ಮೆತ್ತಿ, ತಗಡು ಸುತ್ತಿ, ತಂತಿ ಬಿಗಿದೆ. ಸದ್ದು ತುಸು ತಗ್ಗಿದ್ದರಿಂದ ಕೆಲಸ ಮುಗಿಯಿತೆಂದು ಭಾವಿಸಿದೆ. ನಿವೃತ್ತ ಗುಮಾಸ್ತನ ಮಿತವ್ಯಯವೆಂದು ಇದನ್ನು ಕರೆಯಬಹುದು. ಜಿಪುಣತನವೆಂದರೂ ನನ್ನ ಆಕ್ಷೇಪವಿಲ್ಲ.

ಶಿವಮೊಗ್ಗದ ಬಂಧುಗಳ ಗೃಹಪ್ರವೇಶಕ್ಕೆಂದು ಸಿದ್ದಾಪುರ, ಹೊಸಂಗಡಿ ಮಾರ್ಗವಾಗಿ ಬಾಳೆಬರೆ ಘಾಟಿ ಏರುತ್ತಿದ್ದೆವು. ಧೋ ಎಂದು ಮಳೆ, ಗಾಜುಗಳೆಲ್ಲ ಮುಚ್ಚಿದ್ದವು. ಸೊಸೆ ತಲೆನೋವೆಂದಳು. ಆರು ವರ್ಷದ ಮೊಮ್ಮಗಳು ವಾಂತಿ ಮಾಡಿಕೊಂಡು, ಮಂಕಾಗಿ ಅಜ್ಜಿಯ ತೊಡೆಗೆ ಒರಗಿದಳು. ಘಾಟಿಯ ತಿರುವುಗಳಿಂದ ಹೀಗಾಯಿತೆಂದು ಎಲ್ಲರೂ ಅಂದುಕೊಂಡೆವು. ಆದರೆ ಕರೆದರೆ ಮಗು ಓಗೊಡಲಿಲ್ಲ. ಕಾರು ನಿಲ್ಲಿಸಿ ಮಳೆಯಲ್ಲೇ ಇಳಿದೆವು. ಸ್ವಲ್ಪ ಹೊತ್ತಿನ ಮೇಲೆ ಅವಳು "ಅಜ್ಜಾ, ಥಂಡಿ" ಎಂದಾಗಲೇ ನನಗೆ ಜೀವ ಬಂದದ್ದು. ಹಿಂದಿನಿಂದ ಬಂದ ಜೀಪಿನವರೊಬ್ಬರು ನಮ್ಮನ್ನು ಹೊಸನಗರದ ಆಸ್ಪತ್ರೆಗೆ ಮುಟ್ಟಿಸಿದರು. ಮಗುವಿಗೆ ಆಮ್ಲಜನಕ ಕೊಡಿಸಿದ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ "ಕಾರಿನ ಸೈಲೆನ್ಸರ್ ಸರಿಯಿದೆಯೇ?" ಎಂಬುದು.

ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ.

ಕೋಟೇಶ್ವರದ ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ ತೋರಿಸಿದಾಗ ನನ್ನ ತೇಪೆಯ ವ್ಯರ್ಥತೆ ತಿಳಿಯಿತು. ಸದ್ದು ಮಾಡುತ್ತಿದ್ದುದು ಹಿಂದಿನ ಡಬ್ಬಿ. ವಿಷ ಕಾರುತ್ತಿದ್ದುದು ಎಂಜಿನ್ನಿನಿಂದ ಬರುವ ಮುಂದಿನ ಕೊಳವೆಯ ಬಿರುಕು. ಅದರ ಮೇಲೆಯೇ ಕಾರಿನ ನೆಲದ ತಗಡೂ ತುಕ್ಕಿನಿಂದ ತೂತಾಗಿತ್ತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆಯಂತೆ. ದೂರದ ಪ್ರಯಾಣದಲ್ಲಿ ಅದು ಹೊರಬೀಳುತ್ತದೆ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಸಾಕಷ್ಟು ಕಾಯದೆ ನೀರು ಒಳಗೇ ನಿಲ್ಲುತ್ತದೆ. ಒಳಗಿನಿಂದ ಆ ನೀರು, ಹೊರಗಿನಿಂದ ಕಡಲ ಉಪ್ಪು.

"ವೆಲ್ಡಿಂಗ್ ಮಾಡಿದರಾಗದೇ?" ಎಂದೆ.

"ಹಿಡಿತಿಲ್ಲೆ ಮಾರಾಯ್ರೆ, ತಗಡೇ ಇಲ್ಲೆ" ಎಂದರು.

ಪರಿಚಿತರೊಬ್ಬರು, ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರನ್ನೂ ಕಿತ್ತು ಬರಿಯ ಕೊಳವೆ ಹಾಕಿಸಿದರೆ ಮೈಲೇಜು ಹೆಚ್ಚುತ್ತದೆಂದು ಸಲಹೆಯಿತ್ತರು. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪವುಳ್ಳ ಜೇನುಗೂಡಿನಂತಹ ಈ ಸಾಧನವನ್ನು ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಕಡ್ಡಾಯಗೊಳಿಸಿದ್ದು ಈ ವಿಷಾನಿಲವನ್ನು ತಗ್ಗಿಸುವುದಕ್ಕಾಗಿಯೇ. ಮೊಮ್ಮಗಳ ಮುಖ ಕಂಡ ಮೇಲೆ ಅಂತಹ ಸಲಹೆಗೆ ನಾನು ಕಿವಿಗೊಡಲಿಲ್ಲ.

ತುಕ್ಕು ಹಿಡಿದ ಬೋಲ್ಟುಗಳನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಮುಂದಿನ ಕೊಳವೆ, ಹಿಂದಿನ ಡಬ್ಬಿ, ಗ್ಯಾಸ್ಕೆಟ್ಟು, ನೇತುಹಾಕುವ ರಬ್ಬರುಗಳು ಎಲ್ಲವೂ ಹೊಸವು. ಸೀಟು ಬಿಚ್ಚಿ ನೆಲಕ್ಕೆ ತಗಡು ಬೆಸೆದರು. ಕೊನೆಗೆ ಎಂಜಿನ್ ಚಾಲೂ ಮಾಡಿ, ಹಿಂದಿನ ಕೊಳವೆಯ ಬಾಯಿಗೆ ದಪ್ಪ ಬಟ್ಟೆ ಒತ್ತಿ, ಕೀಲುಗಳಲ್ಲಿ ಬುಸ್ಸೆಂಬ ಸದ್ದಿದೆಯೇ ಎಂದು ಬಹಳ ಹೊತ್ತು ಆಲಿಸಿದರು. ಇರಲಿಲ್ಲ.

ಈಗ ತಿಂಗಳಿಗೊಮ್ಮೆ ಕಾರಿನ ಅಡಿಭಾಗವನ್ನು ಬಾವಿಯ ಸಿಹಿನೀರಿನಿಂದ ತೊಳೆದು, ಬಗ್ಗಿ ನೋಡುತ್ತೇನೆ. ಟಾರ್ಚು ಹಿಡಿಯುವ ಕೆಲಸ ಮೊಮ್ಮಗಳದು.