44 ನಿಮಿಷದ ಒಂದೇ ಹಾಡು

ಅದು 1980ರ ದಶಕ. ಹಲಸೂರಿನಿಂದ ಶಿವಾಜಿನಗರಕ್ಕೆ ಸೈಕಲ್ ತುಳಿದು ಬಂದ ಪಿಯುಸಿ ಹುಡುಗನೊಬ್ಬನಿಗೆ ಗುಜರಿ ಅಂಗಡಿಯಲ್ಲಿ ಹಳೆಯ ಎಲ್‌ಪಿ ತಟ್ಟೆಯೊಂದು ಸಿಕ್ಕಿತು. ಜೆಥ್ರೊ ಟಲ್ ಎಂಬ ಇಂಗ್ಲಿಷ್ ತಂಡ 1972ರಲ್ಲಿ ಹೊರತಂದ ‘ಥಿಕ್ ಆ್ಯಸ್ ಎ ಬ್ರಿಕ್’. ಇಡೀ ಆಲ್ಬಂನಲ್ಲಿ ಇರುವುದು ಒಂದೇ ಹಾಡು, ಸುಮಾರು 44 ನಿಮಿಷ! ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು 20-25 ನಿಮಿಷ. ಗೀರುಗಳನ್ನು ಇನ್ನೂ ಒತ್ತಾಗಿ ಕೊರೆದರೆ ದನಿ ಸೊರಗುತ್ತದೆ. ಹಾಗಾಗಿ ಹಾಡಿನ ನಡುವೆ ಎದ್ದು ತಟ್ಟೆ ಮಗುಚಬೇಕು.

ಪ್ರೊಗ್ರೆಸಿವ್ ರಾಕ್ ಎಂದರೆ ಹೀಗೆ. ಮೂರು ನಿಮಿಷದ ಚೌಕಟ್ಟು ಅದಕ್ಕೆ ಸಾಲದು. ತಾಳ ಪದೇ ಪದೇ ಬದಲಾಗುತ್ತದೆ, ಗಿಟಾರಿನ ಅಬ್ಬರದ ನಡುವೆ ಇಯಾನ್ ಆಂಡರ್ಸನ್ನನ ಕೊಳಲು ನುಗ್ಗುತ್ತದೆ.

ಅಪ್ಪನಿಗೆ ಅದು ಬರೀ ಗದ್ದಲ. ‘ಪರೀಕ್ಷೆ ತಲೆ ಮೇಲಿದೆ. ಚೆನ್ನಾಗಿದೆ ಅಂತೀಯಲ್ಲ, ಏನು ಚೆನ್ನಾಗಿದೆಯೋ ಹೇಳು, ನೋಡೋಣ’ ಎಂದರು. ಹುಡುಗ ತಡವರಿಸಿದ.

ಆ ತಟ್ಟೆಯ ಹೊದಿಕೆ 12 ಪುಟಗಳ ಒಂದು ಅಣಕು ಪತ್ರಿಕೆ. ತಮಾಷೆಯೆಂದರೆ, ಅದರೊಳಗೆ ಆ ಆಲ್ಬಂನದೇ ವಿಮರ್ಶೆಯೂ ಇದೆ. ಅದನ್ನು ಓದಿದವನೇ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಮಾಡುವಂತೆ ಗೆರೆ ಎಳೆದು ಬರೆಯತೊಡಗಿದ: ಯಾವ ನಿಮಿಷದಲ್ಲಿ ತಾಳ ಮುರಿಯಿತು, ಮೊದಲ ಧಾಟಿ ಎಲ್ಲಿ ಮರಳಿತು, ಎಲ್ಲಿ ಬೇಸರವಾಯಿತು. ಬೇಸರದ ಜಾಗ ತೋರಿಸಬೇಕಾದರೆ ಪೂರ್ತಿ ಕೇಳಿರಲೇಬೇಕಲ್ಲ! ‘ಅದ್ಭುತ’ ಎಂದು ಮೊದಲು ಬರೆದಿದ್ದನ್ನು ಹೊಡೆದುಹಾಕಿದ.

ಪರೀಕ್ಷೆ ಮುಗಿಯಿತು, ಅಂಕಗಳೂ ಪರವಾಗಿಲ್ಲ ಅನ್ನುವಷ್ಟು ಬಂದವು. ಮುಂದೆ ಪತ್ರಿಕೆಗಳಿಗೆ ಆಲ್ಬಂ ವಿಮರ್ಶೆ ಬರೆಯುವವನಾದ ಅವನ ಮೊದಲ ಬರಹ ಅಚ್ಚಾಗಿದ್ದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಆ ಕೊಳಲು ಎಲ್ಲಿ ಬರುತ್ತೆ ಅಂದೆ? ಅಲ್ಲಿಂದ ಹಾಕು.’