ಸೀಟಿ ಹೊಡೆದ ‘ಸೀನ್’

ಅಗ್ಗದ ಮೈಕ್ ಮಕ್ಕಳ ಉಚ್ಚಾರವನ್ನೂ ಕೆಡಿಸಬಲ್ಲದೆಂದು ನಿಮಗೆ ಗೊತ್ತೇ? ಕೊಳ್ಳೇಗಾಲದ ಮನೆಯಲ್ಲಿ ಪಾಠ ರೆಕಾರ್ಡ್ ಮಾಡಿ ಹನೂರು, ಯಳಂದೂರಿನ ವಿದ್ಯಾರ್ಥಿನಿಯರಿಗೆ ಕಳಿಸುತ್ತೇನೆ. ಅರಬಿಯ ‘ಸೀನ್’ ಅಕ್ಷರಕ್ಕೆ ಮೆಲುಸೀಟಿ ಇರಬೇಕು, ನಿಜ. ಯಳಂದೂರಿನ ಹುಡುಗಿಯದು ಕುಕ್ಕರ್ ಸೀಟಿ! ಗದರಿಸಿದೆ. “ನೀವೇ ಹಾಗೆ ಹೇಳಿದ್ದೀರಲ್ಲ ಟೀಚರ್” ಎಂದಳು. ಹಾಕಿ ಕೇಳಿದರೆ ಹೌದು.

ಇಂತಹ ಅನೇಕ ಮೈಕ್‌ಗಳ ಕ್ಯಾಪ್ಸೂಲ್, 1960ರಲ್ಲಿ ಬಂದ ಜರ್ಮನಿಯ ನಾಯ್ಮನ್ ಯು67ರ ಕ್ಯಾಪ್ಸೂಲಿನ ನಕಲು. ಅದು ತೀಕ್ಷ್ಣ ಸ್ವರಗಳನ್ನು ಎತ್ತಿ ಕೊಡುತ್ತದೆ. ಮೂಲ ಮೈಕ್‌ನ ಸರ್ಕ್ಯೂಟ್ ಅದನ್ನು ತಗ್ಗಿಸುತ್ತಿತ್ತು. ಅಗ್ಗದವುಗಳಲ್ಲಿ ತಗ್ಗಿಸುವ ಆ ಭಾಗವನ್ನೇ ಹೆಚ್ಚಾಗಿ ಬಿಟ್ಟಿರುತ್ತಾರೆ. ರೇಡಿಯೋ ರಿಪೇರಿಯವರು ಪುಟ್ಟ ಕೆಪಾಸಿಟರೊಂದನ್ನು ಬೆಸೆದುಕೊಟ್ಟರು. (ನೀವೂ ಬಿಚ್ಚುವುದಾದರೆ ಕ್ಯಾಪ್ಸೂಲನ್ನು ಬೆರಳಿಂದ ಮುಟ್ಟಬೇಡಿ, ಪೊರೆ ತೀರಾ ತೆಳು.)

ಹಳೆಯ ಪಾಠಗಳನ್ನೆಲ್ಲ ಮತ್ತೆ ಓದುತ್ತಿದ್ದೇನೆ. ಹುಡುಗಿಯಲ್ಲಿ ಕ್ಷಮೆ ಕೇಳಿದೆ. ನಕ್ಕಳು. ಅವಳ ‘ಸೀನ್’ ಮಾತ್ರ ಇನ್ನೂ ತಿದ್ದಿಲ್ಲ.